ನಿಮಗಿದು ಗೊತ್ತೇ? ಸದ್ದು ಅಲ್ಲಿ, ಗುಂಡಿ ಇಲ್ಲಿ

ಸ್ಯಾಂಪ್ಲರ್ ಎಂದರೆ ನಿಜವಾದ ವಾದ್ಯದ ಸ್ವರಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಕೀಲಿ ಒತ್ತಿದೊಡನೆ ಆ ಮುದ್ರಿಕೆಯನ್ನೇ ನುಡಿಸುವ ಯಂತ್ರ. ಈಗ ಅದು ಬಹುಪಾಲು ತಂತ್ರಾಂಶ. ಸಿನಿಮಾ ಹಾಡಿನಲ್ಲಿ ಕೇಳುವ ಪಿಟೀಲುಗಳ ಮೇಳದ ಹಿಂದೆ ಎಷ್ಟೋ ಸಲ ಪಿಟೀಲೂ ಇಲ್ಲ, ಮೇಳವೂ ಇಲ್ಲ, ಇರುವುದು ಇದೇ. ಸದ್ದು ಹುಟ್ಟುವ ಕಂಪ್ಯೂಟರ್ ಒಂದು ಕಡೆ, ಅದನ್ನು ಆಳುವ ಪರದೆ ಇನ್ನೊಂದು ಕಡೆ ಇದ್ದರೆ ಆ ಪರದೆಯನ್ನು ಹೇಗೆ ಕಟ್ಟಬೇಕು? ಈ ಸಲದ ಸರಕು ಅದು.

★ ಕೈ ಒಂದು ಕಡೆ, ಸದ್ದು ಇನ್ನೊಂದು ಕಡೆ ಎಂಬ ಏರ್ಪಾಡು ಕಂಪ್ಯೂಟರಿಗಿಂತ ಹಳೆಯದು. 1906ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಥ್ಯಾಡಿಯಸ್ ಕಾಹಿಲ್ ನಿಲ್ಲಿಸಿದ ಟೆಲ್‌ಹಾರ್ಮೋನಿಯಂ ಸುಮಾರು 200 ಟನ್ ತೂಗುತ್ತಿತ್ತು. ವಿದ್ಯುತ್ ಜನಕಗಳು ನೆಲಮಾಳಿಗೆಯಲ್ಲಿ, ಕೀಲಿಮಣೆ ಮೇಲಿನ ಅಂತಸ್ತಿನಲ್ಲಿ, ಕೇಳುಗರು ಟೆಲಿಫೋನ್ ತಂತಿಯ ಆ ತುದಿಯಲ್ಲಿ.

★ ಪರದೆಯ ಮೇಲೆ ಸ್ಯಾಂಪಲ್, ಅಂದರೆ ಮುದ್ರಿಸಿಟ್ಟ ಸದ್ದನ್ನು, ತೋರಿಸಿ ಹೆಸರು ಮಾಡಿದ ಮೊದಲಿಗರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಸಿಎಂಐ ಒಂದು. ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ಹೊರತಂದ ಈ ಯಂತ್ರಕ್ಕೆ ಹಸಿರು ಅಕ್ಷರಗಳ ಪರದೆ ಮತ್ತು ಒಂದು ಬೆಳಕಿನ ಪೆನ್ನು ಇತ್ತು. ಪೆನ್ನನ್ನು ಗಾಜಿಗೆ ಒತ್ತಿ ಅಲೆಯ ಆಕಾರವನ್ನೇ ಗೀಚಬಹುದಿತ್ತು! ನೋಡುವವರಿಗೆ ಜಾದೂ. ಆದರೆ ಇಡೀ ದಿನ ಕೈ ಎತ್ತಿ ಹಿಡಿದು ದುಡಿಯುವವರ ತೋಳು ಬಿದ್ದುಹೋಗುತ್ತಿತ್ತು. 1985ರ ಮೂರನೆಯ ಮಾದರಿಯಲ್ಲಿ ಪೆನ್ನು ಗಾಜಿನಿಂದ ಇಳಿದು, ಕೀಲಿಮಣೆಯ ಪಕ್ಕದ ಸಪಾಟಾದ ಹಲಗೆಗೆ ಬಂತು. ಈಗಲೂ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಸ್ಪರ್ಶಪರದೆಗೆ ಮಿಕ್ಸರ್ ಹಾಕಿಕೊಡುವವರಿದ್ದಾರೆ. ಅವರಿಗೆ ಈ ಕಥೆ ಯಾರಾದರೂ ಹೇಳಬೇಕು.

★ ಅದೇ ಫೇರ್‌ಲೈಟಿನ ಮೊದಲ ಮಾದರಿಯಲ್ಲಿ ಒಂದೊಂದು ಧ್ವನಿಗೆ ಸಿಗುತ್ತಿದ್ದ ಸ್ಮೃತಿ 16 ಕಿಲೋಬೈಟ್. ನೀವು ಓದುತ್ತಿರುವ ಈ ಅಂಕಣದ ಕನ್ನಡ ಪಠ್ಯವೂ ಅದರಲ್ಲಿ ಹಿಡಿಸುವುದಿಲ್ಲ.

★ ದೂರದ ಪರದೆಯಿಂದ ಸ್ಯಾಂಪ್ಲರ್ ಆಳುವ ತಂತ್ರಾಂಶ ಎಂದರೆ ನೆನೆಯಲೇಬೇಕಾದ ಹೆಸರು ಸೌಂಡ್ ಡಿಸೈನರ್. 1985ರ ಹೊತ್ತಿಗೆ ಇ-ಮು ಕಂಪನಿಯ ಎಮ್ಯುಲೇಟರ್ 2 ಎಂಬ ಸ್ಯಾಂಪ್ಲರಿನಲ್ಲಿ ಸದ್ದು ಸೊಗಸಾಗಿತ್ತು, ಆದರೆ ನೋಡಲು ಇದ್ದದ್ದು ಒಂದು ಸಣ್ಣ ಅಕ್ಷರಪಟ್ಟಿ ಮಾತ್ರ. ಪೀಟರ್ ಗಾಚರ್ ಮತ್ತು ಇವಾನ್ ಬ್ರೂಕ್ಸ್ ಎಂಬ ಇಬ್ಬರು ಗೆಳೆಯರು ಅದನ್ನು ಕೇಬಲ್ ಮೂಲಕ ಆ್ಯಪಲ್ ಮ್ಯಾಕಿಂಟಾಷ್‌ಗೆ ಜೋಡಿಸಿದರು. ಸದ್ದು ಸ್ಯಾಂಪ್ಲರಿನಿಂದ ಮ್ಯಾಕಿಗೆ ಬರುತ್ತಿತ್ತು, ಅಲೆಯಾಗಿ ಕಾಣುತ್ತಿತ್ತು, ಮೌಸಿನಿಂದ ಕತ್ತರಿಸಿಕೊಂಡು ಮತ್ತೆ ವಾಪಸ್ ಹೋಗುತ್ತಿತ್ತು. ಬೆಲೆ 995 ಡಾಲರ್. ಇವರ ಡಿಜಿಡಿಸೈನ್ ಕಂಪನಿಯೇ 1991ರಲ್ಲಿ ಪ್ರೋ ಟೂಲ್ಸ್ ಹೊರತಂದದ್ದು. ಇವತ್ತು ಲೋಕದ ಧ್ವನಿಮುದ್ರಣ ಕೊಠಡಿಗಳಲ್ಲಿ ಮನೆಮಾತಾಗಿರುವ ಆ ತಂತ್ರಾಂಶದ ಬೇರು, ಇನ್ನೊಬ್ಬರ ಸ್ಯಾಂಪ್ಲರಿಗೆ ತೊಡಿಸಿದ ಮುಖವಾಡದಲ್ಲಿದೆ.

★ ರೋಲ್ಯಾಂಡ್ ಇನ್ನೊಂದು ದಾರಿ ಹಿಡಿಯಿತು. ಅದರ ಎಸ್-50 ಸ್ಯಾಂಪ್ಲರಿಗೆ ನೇರವಾಗಿ ಮಾನಿಟರ್ ಸಿಕ್ಕಿಸಬಹುದಿತ್ತು, ಕಂಪ್ಯೂಟರೇ ಬೇಡ. ಅಕಾಯ್ ಎಸ್-6000ದಲ್ಲಂತೂ ಮುಂಭಾಗದ ಪರದೆಯನ್ನು ಗುಂಡಿಗಳ ಸಮೇತ ಕಳಚಿ, ಕೇಬಲ್ ಎಳೆದು, ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡಬಹುದಿತ್ತು.

★ ಮಿಡಿ ಎಂಬ ಸಂಗೀತಯಂತ್ರಗಳ ಸಂಪರ್ಕ ವಿಧಾನ 1983ರಲ್ಲಿ ಬಂತು. ಅದರ ವೇಗ ಸೆಕೆಂಡಿಗೆ 31,250 ಬಿಟ್. ಸ್ವರ ನುಡಿಸು ಎಂಬ 3 ಬೈಟುಗಳ ಅಪ್ಪಣೆ ತಲುಪಲು ಸುಮಾರು 1 ಮಿಲಿಸೆಕೆಂಡ್ ಸಾಕು, ಅದಕ್ಕೇ ಅದು ಇವತ್ತಿಗೂ ಬದುಕಿದೆ. ಆದರೆ ಅದೇ ತಂತಿಯಲ್ಲಿ ಸ್ಯಾಂಪಲ್ ಕಳಿಸಲು ಹೊರಟರೆ? ಮಿಡಿಯ ದತ್ತಾಂಶ ಬೈಟಿನಲ್ಲಿ 7 ಬಿಟ್ ಮಾತ್ರ ಬಳಕೆಗೆ ಸಿಗುವುದರಿಂದ 16 ಬಿಟ್ಟಿನ ಒಂದು ಸ್ಯಾಂಪಲ್ (ಇಲ್ಲಿ ಇಡೀ ಮುದ್ರಿಕೆಯಲ್ಲ, ಅಲೆಯ ಒಂದು ಕ್ಷಣದ ಅಳತೆ) 3 ಬೈಟ್ ತಿನ್ನುತ್ತದೆ. 40 ಸ್ಯಾಂಪಲ್‌ಗಳ ಪೊಟ್ಟಣ 127 ಬೈಟ್. ಸಿ.ಡಿ. ಗುಣಮಟ್ಟದ ಒಂದೇ ಒಂದು ಸೆಕೆಂಡ್ ಸದ್ದು, ಅದೂ ಮೋನೋ, ದಾಟಲು ಸುಮಾರು 45 ಸೆಕೆಂಡ್. ಒಂದು ನಿಮಿಷದ ತುಣುಕಿಗೆ ಮುಕ್ಕಾಲು ಗಂಟೆ.

ಅಪ್ಪಣೆಗೆ ಒಂದು ದಾರಿ, ಸರಕಿಗೆ ಇನ್ನೊಂದು ದಾರಿ ಎಂಬ ತಿಳಿವಳಿಕೆ ವಿನ್ಯಾಸಕಾರರಿಗೆ ಬಂದದ್ದು ಇಂಥ ಕಾಯುವಿಕೆಯಿಂದ.

★ ದೂರದ ಪರದೆಯಲ್ಲಿ 3 ನಿಮಿಷದ ಹಾಡಿನ ಅಲೆ ತೋರಿಸಬೇಕು ಅನ್ನಿ. ಎಡ, ಬಲ ಎರಡೂ ಸೇರಿ ಸುಮಾರು 1 ಕೋಟಿ 59 ಲಕ್ಷ ಸ್ಯಾಂಪಲ್‌ಗಳು, ಸುಮಾರು 32 ಮೆಗಾಬೈಟ್. ಪರದೆಯ ಅಗಲ ಸಾವಿರ ಚುಕ್ಕೆ. ಅಷ್ಟನ್ನೂ ಕಳಿಸುವವನು ದಡ್ಡ. ನೂರಕ್ಕೊಂದು, ಸಾವಿರಕ್ಕೊಂದು ಸ್ಯಾಂಪಲ್ ಆರಿಸಿ ಕಳಿಸುವವನು ಇನ್ನೂ ಅಪಾಯಕಾರಿ, ಏಕೆಂದರೆ ಮೃದಂಗದ ಚಾಪಿನಂಥ ಕ್ಷಣಿಕ ಏಟುಗಳು ಆ ಸಂದಿಯಲ್ಲಿ ಮಾಯವಾಗಿ ಚಿತ್ರ ಸುಳ್ಳಾಗುತ್ತದೆ. ಸರಿಯಾದ ಉಪಾಯ ಸರಳ. ಒಂದು ಚುಕ್ಕೆಯ ಪಾಲಿಗೆ ಬರುವ ಸ್ಯಾಂಪಲ್‌ಗಳಲ್ಲಿ ಅತಿ ದೊಡ್ಡದು ಮತ್ತು ಅತಿ ಚಿಕ್ಕದು, ಎರಡೇ ಸಂಖ್ಯೆ. ಇಡೀ ಹಾಡಿಗೆ ಕೆಲವು ಕಿಲೋಬೈಟ್. ಸಂಗೀತ ಸಂಪಾದನೆಯ ತಂತ್ರಾಂಶಗಳು ಕಡತ ತೆರೆದ ಮೊದಲ ಸಲ ಒಂದಷ್ಟು ಹೊತ್ತು ಲೆಕ್ಕ ಹಾಕಿ, ಪಕ್ಕದಲ್ಲಿ ಇನ್ನೊಂದು ಪುಟ್ಟ ಕಡತ ಇಟ್ಟುಕೊಳ್ಳುತ್ತವಲ್ಲ, ಅದರಲ್ಲಿರುವುದು ಈ ಸಂಖ್ಯೆಗಳೇ.

★ ಧ್ವನಿಮಟ್ಟದ ಮೀಟರಿಗೂ ಇದೇ ನ್ಯಾಯ. ಪರದೆ ಸೆಕೆಂಡಿಗೆ 60 ಸಲ ಬದಲಾದರೆ, ಎರಡು ಚಿತ್ರಗಳ ನಡುವೆ 735 ಸ್ಯಾಂಪಲ್‌ಗಳು ಕಳೆದುಹೋಗಿರುತ್ತವೆ. ಈ ಕ್ಷಣ ಎಷ್ಟಿದೆ ಎಂದು ಕೇಳಬಾರದು, ಕಳೆದ ಸಲ ಕೇಳಿದ ಮೇಲೆ ಅತಿ ಹೆಚ್ಚು ಎಷ್ಟಿತ್ತು ಎಂದು ಕೇಳಬೇಕು.

★ ಮುಖವೇ ಇಲ್ಲದ ಸ್ಯಾಂಪ್ಲರ್ ನೋಡಿದ್ದೀರಾ? ಅದರ ಕಥೆ ಅಮೆರಿಕದಿಂದ ಶುರು. ಟೆಕ್ಸಾಸಿನ ಆಸ್ಟಿನ್‌ನ ನೆಮೆಸಿಸ್ ಕಂಪನಿ 1998ರಲ್ಲಿ ಗಿಗಾಸ್ಯಾಂಪ್ಲರ್ ತಂದಿತು. ಅಲ್ಲಿಯವರೆಗೆ ಸ್ಯಾಂಪಲ್ ಪೂರ್ತಿಯಾಗಿ ರ‍್ಯಾಮಿನಲ್ಲಿ ಇರಬೇಕಿತ್ತು. ಗಿಗಾ ಪ್ರತಿ ಸ್ವರದ ಆರಂಭದ ಚೂರನ್ನು ಮಾತ್ರ ರ‍್ಯಾಮಿನಲ್ಲಿಟ್ಟು, ಅದು ನುಡಿಯುತ್ತಿರುವಷ್ಟರಲ್ಲಿ ಉಳಿದದ್ದನ್ನು ಹಾರ್ಡ್ ಡಿಸ್ಕಿನಿಂದ ತರಿಸಿಕೊಳ್ಳುತ್ತಿತ್ತು. ಗಿಗಾಬೈಟುಗಟ್ಟಲೆ ತೂಗುವ ಪಿಯಾನೋಗಳು ಅದರಿಂದ ಸಾಧ್ಯವಾದವು. ಟ್ಯಾಸ್ಕ್ಯಾಮ್ ಅದನ್ನು ಕೊಂಡು, 2008ರಲ್ಲಿ ನಿಲ್ಲಿಸಿಯೇಬಿಟ್ಟಿತು.

ಅಷ್ಟರಲ್ಲಿ ಬೆನ್ನೊ ಸೆನೊನರ್ ಮತ್ತು ಕ್ರಿಶ್ಚಿಯನ್ ಶೋನೆಬೆಕ್ ಮುಂದಾಳುತನದ ಲಿನಕ್ಸ್‌ಸ್ಯಾಂಪ್ಲರ್ ಅದೇ ಡಿಸ್ಕ್ ಉಪಾಯವನ್ನು ಬಳಸಿ ಅದೇ ಗಿಗಾ ಕಡತಗಳನ್ನು ನುಡಿಸತೊಡಗಿತ್ತು. ಇದರ ವಿಶೇಷ ಏನೆಂದರೆ, ಎಂಜಿನ್ನಿಗೆ ಕಿಟಕಿಯಿಲ್ಲ, ಬಟನ್ನಿಲ್ಲ, ಚಿತ್ರವಿಲ್ಲ. ಅದು ಸುಮ್ಮನೆ ಓಡುತ್ತಿರುತ್ತದೆ, 8888ನೆಯ ಪೋರ್ಟಿನಲ್ಲಿ ಕಿವಿ ಇಟ್ಟುಕೊಂಡು. ಅದರೊಡನೆ ಮಾತಾಡುವ ನಿಯಮಾವಳಿಯ ಹೆಸರು ಎಲ್‌ಎಸ್‌ಸಿಪಿ. ಆ ನಿಯಮಾವಳಿಯನ್ನು ಇಂಟರ್ನೆಟ್ಟಿನ ಮಾನದಂಡಗಳನ್ನು ಬರೆಯುವ ಧಾಟಿಯಲ್ಲೇ, ಕಲಮು ಉಪಕಲಮುಗಳ ಸಮೇತ ಬರೆಯಲಾಗಿದೆ. ಅಪ್ಪಣೆಗಳೆಲ್ಲ ಓದಬಲ್ಲ ಇಂಗ್ಲಿಷ್ ಪದಗಳು. 'ಆ್ಯಡ್ ಚಾನೆಲ್' ಎಂದು ಟೈಪಿಸಿದರೆ ಹೊಸ ಚಾನೆಲ್, 'ಗೆಟ್ ಚಾನೆಲ್ಸ್' ಎಂದರೆ ಎಷ್ಟಿವೆ ಎಂಬ ಉತ್ತರ, ಒಪ್ಪಿಗೆಯಾದರೆ 'ಓಕೆ', ಎಡವಟ್ಟಾದರೆ ಕಾರಣ ಸಮೇತ ದೋಷಸಂದೇಶ. ಟೆಲ್‌ನೆಟ್ ಇದ್ದವರು ಯಾವ ಪರದೆಯೂ ಇಲ್ಲದೆ ಕೈಯಾರೆ ಟೈಪಿಸಿ ಪಿಯಾನೋ ಏರಿಸಬಹುದು.

★ ಮುಖ ಇಲ್ಲದ್ದರಿಂದ ಆದ ಲಾಭ, ಯಾರು ಬೇಕಾದರೂ ಮುಖ ಮಾಡಿಕೊಡಬಹುದು. ಪೋರ್ಚುಗಲ್ಲಿನ ರುಯಿ ನುನೊ ಕಪೇಲಾ ಕ್ಯೂಟಿ ಎಂಬ ಪರದೆ ಕಟ್ಟುವ ಸಲಕರಣೆ ಬಳಸಿ ಬರೆದ ಕ್ಯೂಸ್ಯಾಂಪ್ಲರ್ ಗಂಭೀರ, ಲೆಕ್ಕಪುಸ್ತಕದ ಗುಣದ್ದು. ಗ್ರಿಗೊರ್ ಇಲಿಯೆವ್ ಜಾವಾದಲ್ಲಿ ಬರೆದ ಜೆಸ್ಯಾಂಪ್ಲರಿನ ಫ್ಯಾಂಟೇಶಿಯಾ ರೂಪದಲ್ಲಿ ಹೊಳೆಯುವ ಲೋಹದ ಪಟ್ಟಿಗಳು, ತಿರುಗುವ ನಾಬುಗಳು. ಒಂದೇ ಎಂಜಿನ್ನಿಗೆ ಎರಡನ್ನೂ ಒಟ್ಟಿಗೆ ಹಚ್ಚಬಹುದು. ನನಗೆ ಮೊದಲನೆಯದೇ ಇಷ್ಟ. ಮೌಸ್ ಹಿಡಿದು ದುಂಡಗಿನ ನಾಬ್ ತಿರುಗಿಸುವುದಕ್ಕಿಂತ ದೊಡ್ಡ ಹಿಂಸೆ ಗಣಕಲೋಕದಲ್ಲಿ ಕಡಿಮೆ.

★ ಒಂದೇ ಎಂಜಿನ್ನಿಗೆ ಎರಡು ಪರದೆ ಅಂದೊಡನೆ ಪ್ರಶ್ನೆ ಏಳುತ್ತದೆ. ನೀವಿಲ್ಲಿ ವಾಲ್ಯೂಮ್ ಇಳಿಸಿದಿರಿ, ಪಕ್ಕದ ಕೋಣೆಯವರ ಪರದೆಯಲ್ಲಿ ಅದು ಹಳೆಯ ಜಾಗದಲ್ಲೇ ನಿಂತಿದೆ. ಯಾರದು ನಿಜ? ಎಂಜಿನ್ನಿನದು ಮಾತ್ರ ನಿಜ, ಪರದೆಗಳದ್ದೆಲ್ಲ ವರದಿ. ಇದನ್ನು ಒಪ್ಪಿಕೊಂಡ ವಿನ್ಯಾಸ ಅರ್ಧ ಗೆದ್ದಂತೆ. ಎಲ್‌ಎಸ್‌ಸಿಪಿಯಲ್ಲಿ 'ಸಬ್‌ಸ್ಕ್ರೈಬ್' ಎಂಬ ಅಪ್ಪಣೆ ಇದೆ. ಹಾಲು ಬಂತಾ ಎಂದು ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡುವ ಬದಲು, ಬಂದಾಗ ಕರೆಗಂಟೆ ಒತ್ತಪ್ಪಾ ಎಂದು ಹೇಳಿಟ್ಟ ಹಾಗೆ. ಚಾನೆಲ್ ಕೂಡಿದರೆ, ಕಳೆದರೆ, ನುಡಿಯುತ್ತಿರುವ ಧ್ವನಿಗಳ ಸಂಖ್ಯೆ ಬದಲಾದರೆ, ಎಂಜಿನ್ ತಾನಾಗಿ ತಿಳಿಸುತ್ತದೆ. ಡಿಸ್ಕಿನಿಂದ ಬರುವ ಹರಿವು ಎಷ್ಟು ತುಂಬಿದೆ ಎಂಬ ಸುದ್ದಿಗೂ ಹೀಗೇ ಚಂದಾದಾರರಾಗಬಹುದು. ಆ ಅಂಕಿ ಸೊನ್ನೆಯತ್ತ ಇಳಿಯುತ್ತಿದೆ ಎಂದರೆ ಡಿಸ್ಕ್ ಹಿಂದೆ ಬಿದ್ದಿದೆ, ಇನ್ನೇನು ಸ್ವರ ಕತ್ತರಿಸಲಿದೆ ಎಂದು ಅರ್ಥ.

★ ಆದರೆ ಎಂಜಿನ್ನಿನ ಮಾತನ್ನು ಕುರುಡಾಗಿ ಪಾಲಿಸಿದರೂ ಎಡವಟ್ಟು. ನೀವು ಫೇಡರ್, ಅಂದರೆ ವಾಲ್ಯೂಮಿನ ಜಾರುಗುಂಡಿ, ಎಳೆಯುತ್ತಿದ್ದೀರಿ: 40, 50, 60. ಅಷ್ಟರಲ್ಲಿ ಎಂಜಿನ್ನಿನಿಂದ '40 ಆಯಿತು' ಎಂಬ ತಡವಾದ ವರದಿ ಬರುತ್ತದೆ. ಪರದೆ ವಿಧೇಯವಾಗಿ ಫೇಡರನ್ನು 40ಕ್ಕೆ ಇಳಿಸುತ್ತದೆ, ನಿಮ್ಮ ಬೆರಳು 60ಕ್ಕೆ ಏರಿಸುತ್ತದೆ, ಮತ್ತೆ '50 ಆಯಿತು'. ಫೇಡರಿಗೆ ಸನ್ನಿ ಹಿಡಿದಂತೆ ನಡುಕ. ಮದ್ದು ಇಷ್ಟೇ: ಬೆರಳು ಮೇಲಿರುವಷ್ಟು ಹೊತ್ತು ಬಂದ ವರದಿಯನ್ನು ತೋರಿಸಬೇಡ, ಬೆರಳು ತೆಗೆದ ಮೇಲೆ ಕೊನೆಯ ವರದಿಗೆ ತಲೆಬಾಗು. ಸ್ಟುಡಿಯೋಗಳ ಮೋಟಾರ್ ಫೇಡರುಗಳಲ್ಲಿ ಸ್ಪರ್ಶ ಗುರುತಿಸುವ ವ್ಯವಸ್ಥೆ ಇರುವುದಕ್ಕೆ ಒಂದು ಕಾರಣವೂ ಇದೇ. ಬೆರಳು ತಾಕಿದೊಡನೆ ಮೋಟಾರ್ ಎದುರು ತಳ್ಳುವುದನ್ನು ಬಿಡುತ್ತದೆ.

★ ಮ್ಯಾಕಿ ಕಂಟ್ರೋಲ್ ಎಂಬ ಜನಪ್ರಿಯ ನಿಯಮಾವಳಿಯಲ್ಲಿ ಫೇಡರಿನ ಸ್ಥಾನ ಹೋಗುವುದು ಶ್ರುತಿ ಬಾಗಿಸುವ ಪಿಚ್ ಬೆಂಡ್ ಸಂದೇಶವಾಗಿ! ಶ್ರುತಿಗೂ ಅದಕ್ಕೂ ಸಂಬಂಧವೇನಿಲ್ಲ. ಮಿಡಿಯ ಸಾಮಾನ್ಯ ಸಂದೇಶದಲ್ಲಿ 128 ಮೆಟ್ಟಿಲು ಮಾತ್ರ, ಪಿಚ್ ಬೆಂಡಿನಲ್ಲಿ 16,384. ಇದ್ದ ಪಾತ್ರೆಗಳಲ್ಲಿ ದೊಡ್ಡದನ್ನು ಎತ್ತಿಕೊಂಡರು.

★ 128 ಮೆಟ್ಟಿಲಿನ ಇನ್ನೊಂದು ಪೀಡೆ ಕಿವಿಗೇ ಕೇಳುತ್ತದೆ. ಫಿಲ್ಟರನ್ನು ನಿಧಾನವಾಗಿ ತೆರೆಯುವಾಗ ಪ್ರತಿ ಮೆಟ್ಟಿಲಿಗೂ ಚಿರ್ ಎಂಬ ಸಣ್ಣ ಕೆರೆತ. ಜಿಪ್ ಎಳೆದ ಹಾಗೆ ಕೇಳುವುದರಿಂದ ಧ್ವನಿ ತಂತ್ರಜ್ಞರು ಅದನ್ನು ಜಿಪ್ಪರ್ ಸದ್ದು ಎನ್ನುತ್ತಾರೆ. ಪರದೆಯಿಂದ ಇನ್ನಷ್ಟು ಸಂದೇಶ ಸುರಿಸಿ ಇದನ್ನು ಸರಿಪಡಿಸಲು ಹೋಗುವುದು ತಪ್ಪು ದಾರಿ. ಪರದೆ ಗುರಿ ಹೇಳಲಿ, ಅಲ್ಲಿಗೆ ಜಾರುತ್ತಾ ಹೋಗುವ ಕೆಲಸ ಎಂಜಿನ್ನಿನದು.

★ ಎಲ್‌ಎಸ್‌ಸಿಪಿಯಲ್ಲಿ ವಾಲ್ಯೂಮ್ ಎಂದರೆ ಒಂದು ಗುಣಕ. 1.0 ಎಂದರೆ ಇದ್ದಷ್ಟು, 0.5 ಎಂದರೆ ಅಲೆಯ ಎತ್ತರ ಅರ್ಧ. ಅರ್ಧ ಎತ್ತರ ಎಂದರೆ ಸುಮಾರು 6 ಡೆಸಿಬೆಲ್ ಇಳಿತ, ಕಿವಿಗೆ ಅದು ಅರ್ಧ ಅನ್ನಿಸುವುದೇ ಇಲ್ಲ. ಈ ಗುಣಕವನ್ನು ನೇರವಾಗಿ ಫೇಡರಿಗೆ ಕಟ್ಟಿದರೆ ಮೇಲಿನ ಅರ್ಧದಲ್ಲಿ ಏನೂ ನಡೆಯುವುದಿಲ್ಲ, ತಳದ ಒಂದು ಬೆರಳಿನಷ್ಟು ಜಾಗದಲ್ಲಿ ಎಲ್ಲ ನಡೆದುಹೋಗುತ್ತದೆ. ನಡುವೆ ಲಾಗರಿದಮ್ ಕೂರಿಸುವುದು ಪರದೆ ಬರೆಯುವವರ ಹೊಣೆ.

★ ಇನ್ನೊಂದು ಸಂಕಟ ಮೊದಲ ದಿನ ಯಾರಿಗೂ ಹೊಳೆಯುವುದಿಲ್ಲ. 'ವಾದ್ಯ ತೆರೆ' ಎಂಬ ಬಟನ್ ಒತ್ತಿದಿರಿ, ಕಡತ ಆರಿಸುವ ಕಿಟಕಿ ಬಂತು. ಅದರಲ್ಲಿ ಕಾಣುವುದು ಯಾರ ಕಡತಗಳು? ನಿಮ್ಮ ಲ್ಯಾಪ್‌ಟಾಪಿನವು. ಸ್ಯಾಂಪಲ್‌ಗಳು ಇರುವುದು ಆಚೆ ಕೋಣೆಯ ಯಂತ್ರದಲ್ಲಿ! ನೀವು ಆರಿಸಿದ ದಾರಿಯನ್ನು ಎಂಜಿನ್ ತನ್ನ ಡಿಸ್ಕಿನಲ್ಲಿ ಹುಡುಕಿ, ಇಲ್ಲವಲ್ಲ ಎನ್ನುತ್ತದೆ. ಲಿನಕ್ಸ್‌ಸ್ಯಾಂಪ್ಲರ್ ಇದಕ್ಕೆ ಎಂಜಿನ್ನಿನ ಬದಿಯಲ್ಲೇ ವಾದ್ಯಗಳ ದತ್ತಸಂಚಯ ಇಟ್ಟು, ಅದರಲ್ಲಿ ಹುಡುಕುವ ಅಪ್ಪಣೆಗಳನ್ನು ನಿಯಮಾವಳಿಗೆ ಸೇರಿಸಿತು. ಕಡತದ ದಾರಿ ಗೊತ್ತಿಲ್ಲದೆಯೂ ವಾದ್ಯದ ಹೆಸರು, ವಿವರಣೆ ಹಿಡಿದು ತರಿಸಿಕೊಳ್ಳಬಹುದು.

★ ಸಲಮ್ಯಾಂಡರ್ ಎಂಬ ಮುಕ್ತ ಪಿಯಾನೋದಲ್ಲಿ ಪ್ರತಿ ಮೂರನೆಯ ಕೀಲಿಯನ್ನೂ ಮೆಲ್ಲಗಿನಿಂದ ಜೋರಿನವರೆಗೆ 16 ಹದದಲ್ಲಿ ಮುದ್ರಿಸಿದ್ದಾರೆ. 88 ಕೀಲಿಗಳಿಗೆ ಲೆಕ್ಕ ಹಾಕಿದರೆ 480 ಮುದ್ರಿಕೆಗಳು. ಅಷ್ಟನ್ನು ಏರಿಸಿಕೊಳ್ಳುವವರೆಗೆ ಪರದೆ ಹೆಪ್ಪುಗಟ್ಟಿ ನಿಂತರೆ ಕೆಟ್ಟುಹೋಯಿತೆಂದೇ ಭಾವಿಸುತ್ತೇವೆ. ಅದಕ್ಕಾಗಿ ಎಲ್‌ಎಸ್‌ಸಿಪಿಯಲ್ಲಿ 'ನಾನ್ ಮೋಡಲ್' ಎಂಬ ಸೇರಿಕೆ ಇದೆ. ಎಂಜಿನ್ ಕೂಡಲೇ 'ಸರಿ' ಎಂದು ಉತ್ತರಿಸಿ, ಹಿನ್ನೆಲೆಯಲ್ಲಿ ಏರಿಸಿಕೊಳ್ಳುತ್ತದೆ, ಶೇಕಡಾ ಎಷ್ಟಾಯಿತೆಂದು ಕೇಳಿದಾಗ ಹೇಳುತ್ತದೆ. ಶೇಕಡಾ ತೋರಿಸುವ ಪಟ್ಟಿ ಇದ್ದರೆ ಜನ ಕಾಯುವುದನ್ನು ಸಹಿಸುತ್ತಾರೆ ಎಂದು ಬ್ರಾಡ್ ಮೈಯರ್ಸ್ 1985ರಲ್ಲೇ ಪ್ರಬಂಧ ಬರೆದಿದ್ದರು.

★ ಸ್ಯಾಂಪ್ಲರಿಗೂ ಮಂಗಳಗ್ರಹಕ್ಕೂ ಏನು ನಂಟು? ಧ್ವನಿ ತಂತ್ರಾಂಶದಲ್ಲಿ ಸದ್ದು ಲೆಕ್ಕ ಹಾಕುವ ಥ್ರೆಡ್ಡಿಗೆ, ಅಂದರೆ ಕೆಲಸದ ಎಳೆಗೆ, ಗಡುವು ಇರುತ್ತದೆ. 256 ಸ್ಯಾಂಪಲ್‌ಗಳ ಬಫರ್, ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಸುಮಾರು 5.3 ಮಿಲಿಸೆಕೆಂಡ್. ಅಷ್ಟರೊಳಗೆ ಮುಗಿಯದಿದ್ದರೆ ಕಟ್ ಎಂಬ ಸದ್ದು. ಪರದೆಯ ಥ್ರೆಡ್ ಇಬ್ಬರೂ ಬಳಸುವ ದತ್ತಾಂಶದ ಬೀಗ ಹಿಡಿದುಕೊಂಡು ಚಿತ್ರ ಬಿಡಿಸುತ್ತಾ ಕೂತರೆ, ಅದೇ ಬೀಗಕ್ಕೆ ಕಾದು ಸದ್ದಿನ ಥ್ರೆಡ್ ಗಡುವು ತಪ್ಪುತ್ತದೆ. ಮುಖ್ಯನಾದವನು ಅಮುಖ್ಯನಿಗಾಗಿ ಕಾಯುವ ಈ ತಲೆಕೆಳಗಾದ ಸ್ಥಿತಿಯೇ 1997ರಲ್ಲಿ ಮಂಗಳದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗಲು ಕಾರಣ. ಹವಾಮಾನ ದಾಖಲಿಸುವ ಕೆಳದರ್ಜೆಯ ಕೆಲಸವೊಂದು ಬೀಗ ಹಿಡಿದಿತ್ತು, ನಡುದರ್ಜೆಯ ಕೆಲಸಗಳು ಅದನ್ನು ಮುಂದುವರಿಯಲು ಬಿಡಲಿಲ್ಲ, ಮೇಲ್ದರ್ಜೆಯದು ಕಾದು ಕಾದು ಸೋತಿತು. ಎಂಜಿನಿಯರುಗಳು ಭೂಮಿಯಿಂದಲೇ ಒಂದು ಆಯ್ಕೆಯನ್ನು ಬದಲಿಸಿ ಸರಿಪಡಿಸಿದರು. ದೂರನಿಯಂತ್ರಣ ಎಂದರೆ ಅದಪ್ಪಾ!

ಧ್ವನಿಯವರು ಬೀಗದ ಸಹವಾಸವನ್ನೇ ಬಿಟ್ಟಿದ್ದಾರೆ. ಒಂದು ಕಡೆಯಿಂದ ಬರೆಯುವ, ಇನ್ನೊಂದು ಕಡೆಯಿಂದ ಓದುವ ವರ್ತುಲ ಬಫರ್ ನಡುವೆ ಇಟ್ಟು, ಪರದೆ ಮತ್ತು ಸದ್ದು ಪರಸ್ಪರ ಕಾಯದಂತೆ ನೋಡಿಕೊಳ್ಳುತ್ತಾರೆ. ಪರದೆಯನ್ನು ಬೇರೆ ಕಂಪ್ಯೂಟರಿಗೇ ಕಳಿಸಿಬಿಟ್ಟರೆ ಈ ಶಿಸ್ತು ತಾನಾಗಿ ಬರುತ್ತದೆ. ದೂರದ ಪರದೆಯ ದೊಡ್ಡ ಲಾಭ ಅನುಕೂಲವಲ್ಲ, ಇದು ಎಂದು ನನ್ನ ಎಣಿಕೆ.

★ ಜೇಮ್ಸ್ ಮೆಕಾರ್ಟ್ನಿ ಕಟ್ಟಿದ ಸೂಪರ್‌ಕೊಲೈಡರ್ ತನ್ನ ಮೂರನೆಯ ಆವೃತ್ತಿಯಲ್ಲಿ ಎರಡಾಗಿ ಸೀಳಿಕೊಂಡಿತು. ಸದ್ದು ಮಾಡುವ ಸರ್ವರ್ ಒಂದು, ಅಪ್ಪಣೆ ಕೊಡುವ ಭಾಷೆ ಇನ್ನೊಂದು. ಮಾತುಕತೆ ಜಾಲದ ಮೂಲಕ, ಎರಡೂ ಒಂದೇ ಯಂತ್ರದಲ್ಲಿದ್ದರೂ.

★ 2008ರಲ್ಲಿ ಸ್ಟೈನ್‌ಬರ್ಗ್ ತಂದ ವಿಎಸ್‌ಟಿ 3 ಪ್ಲಗಿನ್ ಮಾನದಂಡದಲ್ಲಿ ಸದ್ದು ಸಂಸ್ಕರಿಸುವ ಭಾಗ, ನಿಯಂತ್ರಿಸುವ ಭಾಗ ಬೇರೆಬೇರೆ. ಎರಡನ್ನೂ ಬೇರೆ ಕಂಪ್ಯೂಟರುಗಳಲ್ಲಿ ಓಡಿಸಲೂ ಸಾಧ್ಯವಾಗುವಂಥ ವಿನ್ಯಾಸ ಅದು. ಎಷ್ಟು ಪ್ಲಗಿನ್ ಬರೆಯುವವರು ಈ ಗೆರೆಯನ್ನು ಗೌರವಿಸುತ್ತಾರೆ ಎಂಬುದು ಬೇರೆ ಮಾತು.

★ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮ್ಯಾಟ್ ರೈಟ್ ಮತ್ತು ಏಡ್ರಿಯನ್ ಫ್ರೀಡ್ 1997ರಲ್ಲಿ ಮುಂದಿಟ್ಟ ಓಎಸ್‌ಸಿ ಎಂಬ ವಿಧಾನದಲ್ಲಿ ಮಿಡಿಯ 7ನೆಯ ಕಂಟ್ರೋಲರ್, 74ನೆಯ ಕಂಟ್ರೋಲರ್ ಎಂಬ ಒಗಟುಗಳಿಲ್ಲ. ಕಡತದ ದಾರಿಯಂತೆ ಓರೆಗೆರೆ ಹಾಕಿ 'ಮಿಕ್ಸರ್, ಚಾನೆಲ್ 1, ವಾಲ್ಯೂಮ್' ಎಂದು ವಿಳಾಸ ಬರೆದು ಮುಂದೆ ಬೆಲೆ ಕೊಟ್ಟರಾಯಿತು. ಸಂದೇಶಗಳ ಕಟ್ಟಿಗೆ ಮುಹೂರ್ತವನ್ನೂ ಹಚ್ಚಬಹುದು, 'ಇದನ್ನು ಇಂಥ ಗಳಿಗೆಗೆ ಜಾರಿಮಾಡು' ಎಂದು. ಆ ಗಳಿಗೆಯ ಎಣಿಕೆ 1900ರ ಜನವರಿ 1ರಿಂದ ಶುರು. ಕೊರತೆ ಒಂದಿದೆ. ಓಎಸ್‌ಸಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಸಭಾಂಗಣದ ಮುಕ್ತ ವೈಫೈಯಲ್ಲಿ ಬಿಟ್ಟರೆ, ವಿಳಾಸ ಬಲ್ಲ ಯಾವ ಪ್ರೇಕ್ಷಕನಾದರೂ ನಿಮ್ಮ ತಬಲಾವನ್ನು ಬಾಯಿಮುಚ್ಚಿಸಬಹುದು.

★ ಫ್ರಾನ್ಸಿನ ಬೋರ್ಡೋ ಊರಿನ ಜಾಜ್‌ಮ್ಯುಟಂಟ್ ಮಾಡಿದ ಲೆಮೂರ್, ಹತ್ತು ಬೆರಳನ್ನೂ ಒಟ್ಟಿಗೆ ಗುರುತಿಸುವ ಪರದೆ. ಈಥರ್ನೆಟ್ ಕೇಬಲ್ಲಿನಲ್ಲಿ ಓಎಸ್‌ಸಿ ಮಾತಾಡುತ್ತಿತ್ತು. ಐಫೋನಿಗಿಂತ ಮೊದಲೇ ಮಾರುಕಟ್ಟೆಗೆ ಬಂದಿತ್ತು. 2010ರಲ್ಲಿ ಐಪ್ಯಾಡ್ ಬಂತು, ಅದೇ ವರ್ಷ ಲೆಮೂರಿನ ತಯಾರಿಕೆ ನಿಲ್ಲುವ ಸುದ್ದಿಯೂ ಬಂತು. ಮರುವರ್ಷ ಲೆಮೂರ್ ಐಪ್ಯಾಡಿನೊಳಗೇ ಆ್ಯಪ್ ಆಗಿ ಮರುಹುಟ್ಟು ಪಡೆಯಿತು.

★ 2006ರಲ್ಲಿ ಬಂದ ಮೊನೋಮ್ ಎಂಬ ಚೌಕಟ್ಟಿನಲ್ಲಿ 64 ಗುಂಡಿಗಳು, ಪ್ರತಿಯೊಂದರ ಕೆಳಗೂ ದೀಪ. ಗುಂಡಿ ಒತ್ತಿದರೆ ದೀಪ ಹತ್ತುವುದಿಲ್ಲ! ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗುತ್ತದೆ, ಯಾವ ದೀಪ ಹತ್ತಬೇಕೆಂದು ತಂತ್ರಾಂಶ ತೀರ್ಮಾನಿಸುತ್ತದೆ. ಸ್ಯಾಂಪಲ್ ಓಡುತ್ತಿದ್ದರೆ ದೀಪವೂ ಸಾಲಿನಲ್ಲಿ ಓಡುತ್ತದೆ, ಓಡುವ ದೀಪದ ಮುಂದಿನ ಗುಂಡಿ ಒತ್ತಿದರೆ ಸದ್ದು ಅಲ್ಲಿಗೆ ಜಿಗಿಯುತ್ತದೆ.

★ ಪರದೆಯನ್ನು ದೂರಕ್ಕೆ ಒಯ್ಯಲು ಸೋಮಾರಿ ದಾರಿಯೂ ಇದೆ. ಕೇಂಬ್ರಿಜ್‌ನ ಆಲಿವೆಟ್ಟಿ ಪ್ರಯೋಗಾಲಯದಲ್ಲಿ ಹುಟ್ಟಿದ ವಿಎನ್‌ಸಿ ಆಚೆ ಯಂತ್ರದ ಚಿತ್ರವನ್ನೇ ಚುಕ್ಕೆ ಚುಕ್ಕೆಯಾಗಿ ಈಚೆ ತರುತ್ತದೆ. ಸ್ಯಾಂಪ್ಲರಿಗೆ ಒಂದು ಸಾಲನ್ನೂ ಹೊಸದಾಗಿ ಬರೆಯಬೇಕಿಲ್ಲ. ಆದರೆ ಕುಣಿಯುವ ಮೀಟರೊಂದಿದ್ದರೆ ಸಾಕು, ಚುಕ್ಕೆಗಳ ಮಹಾಪೂರ. ಅದನ್ನು ಸಂಕುಚಿಸುವ ಹೊರೆ ಬೀಳುವುದು, ಸದ್ದಿನ ಗಡುವು ಕಾಯಬೇಕಾದ ಅದೇ ಪ್ರೊಸೆಸರಿನ ಮೇಲೆ.

★ ಸದ್ದು ಗಾಳಿಯಲ್ಲಿ 10 ಮಿಲಿಸೆಕೆಂಡಿಗೆ ಸುಮಾರು 3.4 ಮೀಟರ್ ಸಾಗುತ್ತದೆ. ವೇದಿಕೆಯಲ್ಲಿ ಅಷ್ಟು ದೂರ ಕೂತ ಇಬ್ಬರು ತಾಳ ತಪ್ಪದೆ ನುಡಿಸಬಲ್ಲರು. ಈಗ ಸ್ಯಾನ್ ಫ್ರಾನ್ಸಿಸ್ಕೋ ಬಳಿ ನೆಲೆಸಿದ ಕನ್ನಡಿಗರೊಬ್ಬರು ಬೆಂಗಳೂರಿನ ಮನೆಯ ಸ್ಯಾಂಪ್ಲರನ್ನು ಅಲ್ಲಿಂದ ನುಡಿಸಹೊರಟರು ಅನ್ನಿ. ದೂರ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಕೇಬಲ್ ನೇರವಾಗಿ ಹೋಗಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್, ವಾಸ್ತವದಲ್ಲಿ ಇನ್ನೂ ಹೆಚ್ಚು. ನುಡಿಸುವುದು ಅಸಾಧ್ಯ. ಆದರೆ ವಾದ್ಯ ಬದಲಿಸುವುದು, ಚಾನೆಲ್ ಜೋಡಿಸುವುದು, ಪ್ರತಿಧ್ವನಿ ತಗ್ಗಿಸುವುದು ಆರಾಮ. ಸ್ವರ ಹತ್ತಿರದಿಂದ, ಸೆಟ್ಟಿಂಗ್ ದೂರದಿಂದ ಎಂಬ ವಿಂಗಡಣೆಯನ್ನು ಪರದೆಯ ಮೊದಲ ನಕ್ಷೆಯಲ್ಲೇ ಮಾಡಿಕೊಳ್ಳಬೇಕು.

★ ವೀಣೆಯ ಸ್ಯಾಂಪಲ್ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಪಿಚ್ ಬೆಂಡಿನ ವ್ಯಾಪ್ತಿ ಸಾಮಾನ್ಯವಾಗಿ ಆಚೆ ಈಚೆ ಎರಡೆರಡು ಅರೆಸ್ವರ ಎಂದು ಇಟ್ಟಿರುತ್ತಾರೆ. ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಎಳೆಯುವ ಜಾರು ಅದರಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಐದು ಬೇಕು. ವ್ಯಾಪ್ತಿ ಹಿಗ್ಗಿಸಬಹುದು, ಆದರೆ ಕಳಿಸುವ ಕಡೆ 12 ಎಂದುಕೊಂಡು, ನುಡಿಸುವ ಕಡೆ 2 ಎಂದಿದ್ದರೆ ತೋಡಿ ಯಾವ ರಾಗವಾಗುತ್ತದೋ ದೇವರೇ ಬಲ್ಲ. ದೂರದ ಪರದೆಯಲ್ಲಿ ಈ ಒಂದು ಅಂಕಿ ಎದ್ದು ಕಾಣುವಂತಿರಲಿ. ಜೊತೆಗೆ, ಬೆಂಡ್ ಇಡೀ ಚಾನೆಲ್ಲಿಗೆ ತಗಲುವುದರಿಂದ ಮಿಡಿದ ತಾಳದ ತಂತಿಯೂ ಗಮಕ ಹಾಡಲು ಶುರುಮಾಡುತ್ತದೆ. ಪ್ರತಿ ಸ್ವರಕ್ಕೂ ಒಂದೊಂದು ಚಾನೆಲ್ ಕೊಟ್ಟು ಇದನ್ನು ಬಗೆಹರಿಸುವ ಎಂಪಿಇ ವಿಧಾನ 2018ರಲ್ಲಿ ಮಾನದಂಡವಾಯಿತು.

★ ಜಾಲದಲ್ಲಿ ಒಂದು ಪೊಟ್ಟಣ ಕಳೆದುಹೋದರೆ ಏನಾಗುತ್ತದೆ? ವಾಲ್ಯೂಮಿನದಾದರೆ ಚಿಂತೆಯಿಲ್ಲ, ಮುಂದಿನದು ಬಂದು ಸರಿಪಡಿಸುತ್ತದೆ. 'ಸ್ವರ ನಿಲ್ಲಿಸು' ಎಂಬುದು ಕಳೆದರೆ ಆ ಸ್ವರ ನಿಲ್ಲುವುದೇ ಇಲ್ಲ. ಜಾಲದ ಮೇಲೆ ಮಿಡಿ ಸಾಗಿಸುವ ಆರ್‌ಟಿಪಿ ಮಿಡಿಯಲ್ಲಿ, ಬರ್ಕ್ಲಿಯ ಜಾನ್ ಲಜಾರೊ ಮತ್ತು ಜಾನ್ ವಾವ್ರ್ಜಿನೆಕ್ ಇದಕ್ಕೊಂದು ಜಾಣ ಉಪಾಯ ಮಾಡಿದ್ದಾರೆ. ಪ್ರತಿ ಪೊಟ್ಟಣದ ಬಾಲದಲ್ಲೂ ಇತ್ತೀಚಿನ ಇತಿಹಾಸದ ಸಾರ ಇರುತ್ತದೆ. ನಡುವಿನದು ಕಳೆದರೂ ಮುಂದಿನದನ್ನು ಓದಿ, ಯಾವ ಸ್ವರ ಬಿಡಬೇಕಿತ್ತೆಂದು ತಿಳಿಯಬಹುದು. ಮತ್ತೆ ಕಳಿಸು ಎಂದು ಕೇಳುವ ಗೋಜಿಲ್ಲ.

★ ಕೇಬಲ್ಲೇ ಕಿತ್ತುಬಂದರೆ? ಹಳೆಯ ಮಿಡಿಯಲ್ಲಿ ಆ್ಯಕ್ಟಿವ್ ಸೆನ್ಸಿಂಗ್ ಎಂಬ ಒಂದು ಬೈಟಿನ ನಾಡಿಮಿಡಿತವಿದೆ. ಒಮ್ಮೆ ಅದು ಬರತೊಡಗಿದ ಮೇಲೆ 300 ಮಿಲಿಸೆಕೆಂಡ್ ಏನೂ ಬಾರದಿದ್ದರೆ, ಆಚೆಯವರು ಹೋದರೆಂದು ತಿಳಿದು ವಾದ್ಯ ತಾನೇ ಸ್ವರಗಳನ್ನು ಬಿಡುತ್ತದೆ.

★ ಇಷ್ಟಾದರೂ ಪ್ಯಾನಿಕ್ ಎಂದು ಬರೆದ ಒಂದು ದಪ್ಪ ಬಟನ್ ಪರದೆಯ ಮೂಲೆಯಲ್ಲಿ ಇರಲೇಬೇಕು. ಅದರ ಹಿಂದೆ ಯಾವ ಸಂದೇಶ ಕಟ್ಟುತ್ತೀರಿ ಎಂಬುದರಲ್ಲಿ ಜಾಣತನವಿದೆ. ಮಿಡಿಯ 123ನೆಯ ಕಂಟ್ರೋಲರ್ ಎಲ್ಲ ಕೀಲಿಗಳನ್ನೂ ಬಿಟ್ಟಂತೆ ಮಾಡುತ್ತದೆ, ಆದರೆ ಸಸ್ಟೇನ್ ಪೆಡಲ್ ಒತ್ತಿದ್ದರೆ ಸ್ವರ ಹಾಗೇ ಮೊರೆಯುತ್ತಿರುತ್ತದೆ. 120ನೆಯದು ಪೆಡಲನ್ನೂ ಕೇಳುವುದಿಲ್ಲ, ಕ್ಷೀಣಿಸುವ ಬಾಲವನ್ನೂ ಬಿಡುವುದಿಲ್ಲ, ಆ ಚಾನೆಲ್ಲನ್ನು ಅಲ್ಲಿಗೇ ಕತ್ತರಿಸುತ್ತದೆ. ಎರಡನ್ನೂ ಕಳಿಸಿ, 16 ಚಾನೆಲ್ಲುಗಳಿಗೂ ಕಳಿಸಿ.